ಬಸುರಿಯ ಕಾಲು ಬಾತರೆ: ಕೊಕ್ಕೆಹುಳುವೋ, ರಕ್ತದೊತ್ತಡವೋ?



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಕೊಳೆರೋಗ, ಬೇರುಹುಳು, ಗೊಬ್ಬರದ ಲೆಕ್ಕ ಇಂಥ ವಿಷಯಗಳನ್ನು ಬರೆಯುತ್ತೇವೆ. ಈ ಸಲ ಗಿಡದ ಮಾತು ಬಿಟ್ಟು ಮನುಷ್ಯರ ಮಾತು ಎತ್ತಿಕೊಂಡಿದ್ದೇವೆ. ಕೊಯ್ಲು ಮತ್ತು ಸುಲಿತದ ಕಾಲ ಬಂದಿದೆ. ನಮ್ಮ ತೋಟಗಳಿಗೂ ಖೇಣಿದಾರರ ಕಣಗಳಿಗೂ ನೂರಾರು ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ. ಅವರಲ್ಲಿ ಬಸುರಿಯರೂ ಇರುತ್ತಾರೆ. ನಮ್ಮ ಮನೆಗಳಲ್ಲಿಯೂ ಸೊಸೆಯೋ ಮಗಳೋ ಬಸುರಿಯಾಗಿರುತ್ತಾಳೆ. ಈ ಪಾಠ ಅವರ ಸಲುವಾಗಿ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. 1999ರ ಸುಲಿತದ ಕಾಲ. ಆಗ ಇನ್ನೂ ಸುಲಿಯುವ ಯಂತ್ರಗಳು ಇಷ್ಟು ಬಂದಿರಲಿಲ್ಲ. ರಾತ್ರಿ ನಮ್ಮ ಅಂಗಳದಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಕೂರುತ್ತಿದ್ದವರಲ್ಲಿ ಒಬ್ಬ ಹೆಣ್ಣುಮಗಳು ಚೊಚ್ಚಲ ಬಸುರಿ, ಎಂಟು ತಿಂಗಳು. ಮುಖ ಬಿಳಿಚಿಕೊಂಡಿತ್ತು. ಒಂದು ದಿನ ನಮ್ಮ ತಾಯಿಯವರ ಹತ್ತಿರ, "ಅಮ್ಮಾರೇ, ಕಾಲು ಬಾತೈತೆ, ಎರಡು ದಿನದಿಂದ ತಲೆ ಸಿಡಿತೈತೆ" ಎಂದಳು. ಪಕ್ಕದಲ್ಲಿದ್ದ ನಾವು ಬಿ.ಎಸ್ಸಿ. ಓದಿದವರು, ಕೊಕ್ಕೆಹುಳುವಿನ ಪಾಠ ನೆನಪಿತ್ತು. "ಬರಿಗಾಲಲ್ಲಿ ತೋಟದಲ್ಲಿ ಓಡಾಡ್ತೀಯಲ್ಲವ್ವ, ಹುಳ ಆಗಿರಬೇಕು. ಮಾತ್ರೆ ತಗೋ, ಬಾವು ಇಳಿಯುತ್ತೆ" ಎಂದು ಹೇಳಿ ದುಡ್ಡು ಕೊಟ್ಟು ಕಳಿಸಿದೆವು. ಮಾರನೆಯ ರಾತ್ರಿ ಅವಳಿಗೆ ಫಿಟ್ಸ್ ಬಂತು. ಟ್ರ್ಯಾಕ್ಟರಿನಲ್ಲಿ ಸ್ವಲ್ಪ ದೂರ, ಅಲ್ಲಿಂದ ಯಾರದೋ ಜೀಪಿನಲ್ಲಿ ದೊಡ್ಡಾಸ್ಪತ್ರೆ ಸೇರುವಷ್ಟರಲ್ಲಿ ಬೆಳಗಾಗಿತ್ತು. ತಾಯಿ ಉಳಿದಳು, ಮಗು ಉಳಿಯಲಿಲ್ಲ.

ಅಲ್ಲಿನ ಡಾಕ್ಟರು ನಮಗೆ ಹೇಳಿದ ಮಾತು ಇಂದಿಗೂ ಮರೆತಿಲ್ಲ. "ನೀವು ಹೇಳಿದ್ದು ಅರ್ಧ ಸರಿ. ಹೊಟ್ಟೆಯಲ್ಲಿ ಹುಳ ಇದ್ದದ್ದು ನಿಜ, ರಕ್ತ ಕಡಿಮೆ ಇದ್ದದ್ದೂ ನಿಜ. ಆದರೆ ಫಿಟ್ಸ್ ಬಂದದ್ದು ಹುಳದಿಂದಲ್ಲ, ಬಿ.ಪಿ.ಯಿಂದ. ಯಾರಾದರೂ ಒಂದು ಸಲ ಬಿ.ಪಿ. ನೋಡಿದ್ದರೆ ಸಾಕಾಗಿತ್ತು." ಈ ಅರ್ಧ ಸರಿಯಾದ ತಿಳಿವಳಿಕೆ ಎಷ್ಟು ಅಪಾಯ ಎಂಬುದೇ ಇಂದಿನ ಪಾಠದ ತಿರುಳು.

ಒಂದೇ ಲಕ್ಷಣ, ಎರಡು ಕಾರಣ

ಬೆಳೆಗಾರರಿಗೆ ಇದು ಹೊಸ ಸಂಗತಿಯಲ್ಲ. ಅಡಿಕೆ ಸೋಗೆ ಹಳದಿಯಾಯಿತು ಎನ್ನಿ. ಬುಡದಲ್ಲಿ ನೀರು ನಿಂತು ಬೇರು ಕೊಳೆತಿರಬಹುದು, ಹಳದಿ ಎಲೆ ರೋಗವೂ ಆಗಿರಬಹುದು. ಬಸಿಗಾಲುವೆ ಬಿಡಿಸಿದರೆ ಮೊದಲನೆಯದು ಸರಿಹೋಗುತ್ತದೆ, ಎರಡನೆಯದು ಹೋಗುವುದಿಲ್ಲ. ಒಂದೇ ಮರಕ್ಕೆ ಎರಡೂ ಬಂದಿರುವುದೂ ಉಂಟು. ಬಸುರಿಯ ಕಾಲು ಬಾವೂ ಹಾಗೆಯೇ. ತಿಂಗಳು ತುಂಬುತ್ತಾ ಬಂದಾಗ ಸಂಜೆ ಹೊತ್ತು ಪಾದ ಸ್ವಲ್ಪ ಬಾಯುವುದು ಅನೇಕರಿಗೆ ಸಹಜ. ರಕ್ತ ತೀರ ಕಡಿಮೆಯಾದರೂ ಕಾಲು ಬಾಯುತ್ತದೆ. ರಕ್ತದೊತ್ತಡ ಏರಿದಾಗಲೂ ಬಾಯುತ್ತದೆ. ಬರಿಗಣ್ಣಿಗೆ ಮೂರೂ ಒಂದೇ ರೀತಿ ಕಾಣುತ್ತವೆ. ಅಷ್ಟೇ ಅಲ್ಲ, ಕಾಲು ಬಾಯದೆಯೇ ಒತ್ತಡ ಏರಿರುವುದೂ ಇದೆ.

ಕೊಕ್ಕೆಹುಳು ಮಾಡುವ ಕೆಲಸ

ಕೊಕ್ಕೆಹುಳು ಸುಮಾರು ಒಂದು ಸೆಂಟಿಮೀಟರ್ ಉದ್ದದ, ದಾರದಂಥ ಹುಳು. ಸಣ್ಣ ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಅದರ ಮೊಟ್ಟೆ ಮಲದಲ್ಲಿ ಹೊರಗೆ ಬರುತ್ತದೆ. ಬಯಲಿನಲ್ಲಿ ಮಲ ಬಿದ್ದ ಜಾಗ ನೆರಳಾಗಿ, ತೇವವಾಗಿ, ಬೆಚ್ಚಗೆ ಇದ್ದರೆ ಒಂದೆರಡು ದಿನದಲ್ಲಿ ಮೊಟ್ಟೆ ಒಡೆದು ಮರಿ ಬರುತ್ತದೆ. ಐದರಿಂದ ಹತ್ತು ದಿನದಲ್ಲಿ ಆ ಮರಿ ಮನುಷ್ಯನ ಚರ್ಮ ಕೊರೆಯಲು ಸಿದ್ಧವಾಗುತ್ತದೆ. ಅನುಕೂಲವಾದ ಮಣ್ಣಿನಲ್ಲಿ ಮೂರು ನಾಲ್ಕು ವಾರ ಬದುಕಿರುತ್ತದೆ. ಬರಿಗಾಲು ತಗುಲಿದರೆ ಬೆರಳ ಸಂದಿಯಲ್ಲಿ ನುಗ್ಗುತ್ತದೆ. ಆಗ ತುರಿಕೆ ಬರುತ್ತದೆ. ಅಲ್ಲಿಂದ ರಕ್ತದ ಜೊತೆ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಏರಿ, ಎಂಜಲಿನೊಡನೆ ನುಂಗಲ್ಪಟ್ಟು ಕರುಳು ಸೇರುತ್ತದೆ.

ಕಾಲಿನ ಚರ್ಮದಿಂದ ಹೊಟ್ಟೆಗೆ ಹುಳು ಹೋಗುತ್ತದೆ ಎಂದರೆ ಹಿಂದೆ ಯಾರೂ ನಂಬುತ್ತಿರಲಿಲ್ಲ. ಈಜಿಪ್ಟಿನ ಕೈರೋದಲ್ಲಿ ಆರ್ಥರ್ ಲೂಸ್ ಎಂಬ ವಿಜ್ಞಾನಿ ಪ್ರಯೋಗ ಮಾಡುತ್ತಿದ್ದಾಗ ಮರಿಗಳಿದ್ದ ನೀರು ಅಕಸ್ಮಾತ್ತಾಗಿ ಕೈಮೇಲೆ ಬಿತ್ತು. ಕೈ ತುರಿಸಿತು, ಕೆಲವು ವಾರಗಳ ನಂತರ ಅವರದೇ ಮಲದಲ್ಲಿ ಮೊಟ್ಟೆ ಕಾಣಿಸಿತು. 1898ರಲ್ಲಿ ಅವರು ಇದನ್ನು ಲೋಕಕ್ಕೆ ತಿಳಿಸಿದರು. ಅದಕ್ಕೂ ಮೊದಲು, 1880ರ ಸುಮಾರಿಗೆ, ಆಲ್ಪ್ಸ್ ಪರ್ವತದಲ್ಲಿ ಗೊತ್ಥಾರ್ಡ್ ರೈಲು ಸುರಂಗ ತೋಡುತ್ತಿದ್ದ ಕೂಲಿಗಳು ಬಿಳಿಚಿಕೊಂಡು ಸಾಯತೊಡಗಿದಾಗ ಕಾರಣ ಈ ಹುಳುವೇ ಎಂದು ಗೊತ್ತಾಗಿತ್ತು. ಸುರಂಗದೊಳಗೆ ತೇವ, ಬೆಚ್ಚನೆ ಹವೆ, ಶೌಚಕ್ಕೆ ಜಾಗವಿಲ್ಲ. ನಮ್ಮ ತೋಟಗಳಲ್ಲಿಯೂ ಇವೇ ಮೂರು ಸೇರಿವೆ ಎಂಬುದನ್ನು ಗಮನಿಸಬೇಕು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ನಾಲೆಯ ನೀರು, ಹಳ್ಳದ ನೀರು ಹಾಯುವ ತೋಟಗಳು ವರ್ಷವಿಡೀ ತಂಪು. ಜಗಳೂರು ಒಣ ಸೀಮೆ. ಬಿಸಿಲಿಗೆ ಕಾದ ಒಣ ನೆಲದಲ್ಲಿ ಈ ಮರಿ ಬದುಕುವುದಿಲ್ಲ. ಆದರೆ ಅಲ್ಲಿಯೂ ಈಗ ಕೊಳವೆ ಬಾವಿ ನಂಬಿ ಅಡಿಕೆ ಇಟ್ಟಿದ್ದಾರೆ. ಎಲ್ಲಿ ನೆರಳು, ತೇವ ಬಂದವೋ ಅಲ್ಲಿ ಹುಳುವಿಗೂ ಮನೆ ಸಿಕ್ಕಿತು.

ರಕ್ತದ ಲೆಕ್ಕ ನೋಡೋಣ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಾಣುವ ಕೊಕ್ಕೆಹುಳು ಜಾತಿ ನೆಕೇಟರ್. ಅದರ ಒಂದು ಹುಳು ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತ ಹಾಳುಮಾಡುತ್ತದೆ. 100 ಹುಳು ಇದ್ದರೆ ದಿನಕ್ಕೆ 3 ಮಿಲಿಲೀಟರ್. ಗರ್ಭದ 280 ದಿನಕ್ಕೆ 840 ಮಿಲಿಲೀಟರ್. ಅಂಕಿಲೋಸ್ಟೋಮ ಎಂಬ ಇನ್ನೊಂದು ಜಾತಿ ಇದರ ಐದಾರು ಪಟ್ಟು ಹೀರುತ್ತದೆ. ಮಗುವಿಗೂ ತನಗೂ ರಕ್ತ ಹೊಂದಿಸಬೇಕಾದ ಕಾಲದಲ್ಲಿಯೇ ತಾಯಿಗೆ ಈ ನಷ್ಟ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 100 ಬಸುರಿಯರಲ್ಲಿ ಸುಮಾರು 45 ಮಂದಿಗೆ ರಕ್ತಹೀನತೆ ಇತ್ತು. ಎಲ್ಲರಿಗೂ ಹುಳುವೇ ಕಾರಣವಲ್ಲ. ಊಟದ ಕೊರತೆ, ಹತ್ತಿರ ಹತ್ತಿರದ ಹೆರಿಗೆ, ಇನ್ನೂ ಬೇರೆ ಕಾರಣಗಳಿವೆ. ಆದರೆ ಬರಿಗಾಲಿನಲ್ಲಿ ದುಡಿಯುವವರಲ್ಲಿ ಹುಳುವನ್ನು ಮರೆಯುವಂತಿಲ್ಲ.

ರಕ್ತದೊತ್ತಡ ಮಾಡುವ ಕೆಲಸ

ಇದು ಬೇರೆಯೇ ಕಥೆ. ಇಲ್ಲಿ ಹುಳುವಿಲ್ಲ, ಕ್ರಿಮಿಯಿಲ್ಲ. ಮಗುವಿಗೆ ಆಹಾರ ಒದಗಿಸುವ ಮಾಸು ಗರ್ಭಕೋಶಕ್ಕೆ ಬೇರು ಬಿಡುವಾಗ ಅಲ್ಲಿಯ ರಕ್ತನಾಳಗಳು ಅಗಲವಾಗಬೇಕು. ಕೆಲವರಲ್ಲಿ ಅವು ಸರಿಯಾಗಿ ಅಗಲವಾಗುವುದಿಲ್ಲ. ನೀರು ಸಾಲದ ಮಾಸು ತಾಯಿಯ ರಕ್ತಕ್ಕೆ ಕೆಲವು ವಸ್ತುಗಳನ್ನು ಬಿಡುತ್ತದೆ. ಅವುಗಳಿಂದ ಮೈಯ ಎಲ್ಲ ರಕ್ತನಾಳಗಳೂ ಬಿಗಿಯುತ್ತವೆ. ಒತ್ತಡ ಏರುತ್ತದೆ, ಮೂತ್ರಪಿಂಡದಿಂದ ಪ್ರೋಟೀನು ಮೂತ್ರಕ್ಕೆ ಸೋರುತ್ತದೆ, ಪಿತ್ತಜನಕಾಂಗಕ್ಕೂ ಮೆದುಳಿಗೂ ಪೆಟ್ಟು ಬೀಳುತ್ತದೆ. ಕೊನೆಗೆ ಫಿಟ್ಸ್ ಬರುತ್ತದೆ. ಹಿಂದೆ ಡಾಕ್ಟರುಗಳು ಇದನ್ನು ಟಾಕ್ಸೀಮಿಯಾ, ಅಂದರೆ ನಂಜು, ಎನ್ನುತ್ತಿದ್ದರು. ಹಳ್ಳಿಯಲ್ಲಿ ಸನ್ನಿ ಎಂದೂ, ಗಾಳಿ ಸೋಕಿದೆ ಎಂದೂ ಹೇಳಿ ಮಂತ್ರ ಹಾಕಿಸಿ ಹೊತ್ತು ಕಳೆದವರಿದ್ದಾರೆ.

ಐದು ತಿಂಗಳ ನಂತರ ಒತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಾದರೆ ಎಚ್ಚರಿಕೆ. 160/110 ಮುಟ್ಟಿದರೆ ತುರ್ತು. ಲೋಕದಲ್ಲಿ 100 ಬಸುರಿಯರಲ್ಲಿ ಎರಡರಿಂದ ಎಂಟು ಮಂದಿಗೆ ಈ ತೊಂದರೆ ಬರುತ್ತದೆ. ಚೊಚ್ಚಲ ಬಸುರಿಯರು, ತೀರ ಚಿಕ್ಕ ವಯಸ್ಸಿನವರು, 35 ದಾಟಿದವರು, ಅವಳಿ ಇರುವವರು, ಹಿಂದಿನ ಹೆರಿಗೆಯಲ್ಲಿ ಬಿ.ಪಿ. ಏರಿದ್ದವರು, ಮೊದಲೇ ಬಿ.ಪಿ., ಸಕ್ಕರೆ ಕಾಯಿಲೆ ಇರುವವರು ಹೆಚ್ಚು ಜಾಗ್ರತೆ ವಹಿಸಬೇಕು. ಇಂಥವರಲ್ಲಿ ಕೆಲವರಿಗೆ ಮೂರು ತಿಂಗಳಾದ ಮೇಲೆ ಡಾಕ್ಟರು ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುವುದುಂಟು. ಇದನ್ನು ಡಾಕ್ಟರೇ ಹೇಳಬೇಕು. ಅಂಗಡಿಯಿಂದ ತಂದು ನುಂಗತಕ್ಕದ್ದಲ್ಲ. ಉಪ್ಪು ಬಿಟ್ಟರೆ ಇದು ಬರುವುದಿಲ್ಲ ಎಂಬ ನಂಬಿಕೆಗೂ ಆಧಾರವಿಲ್ಲ. ಬಂದ ಮೇಲೆ ಕೊನೆಯ ಪರಿಹಾರ ಹೆರಿಗೆಯೇ. ಅದನ್ನು ಯಾವಾಗ ಮಾಡಿಸಬೇಕೆಂದು ಡಾಕ್ಟರು ತೀರ್ಮಾನಿಸುತ್ತಾರೆ. ಹೆರಿಗೆಯಾದ ಕೂಡಲೇ ನಿಶ್ಚಿಂತೆ ಎಂದೂ ತಿಳಿಯಬಾರದು. ಬಾಣಂತಿಗೂ ಮೊದಲ ಕೆಲವು ದಿನ ಒತ್ತಡ ಏರಿ ಫಿಟ್ಸ್ ಬರಬಹುದು.

ಹುಳುವಿನಿಂದಲೇ ಒತ್ತಡ ಏರುತ್ತದೆಯೇ?

ಸದಸ್ಯರೊಬ್ಬರು ಕೇಳಿದ ಪ್ರಶ್ನೆ ಇದು. ಈ ಸಂದೇಹ ದೊಡ್ಡ ವೈದ್ಯರಿಗೂ ಬಂದಿತ್ತು. 1983ರಲ್ಲಿ ಅಮೆರಿಕದ ಷಿಕಾಗೋ ನಗರದ ಕೆಲವು ಸಂಶೋಧಕರು, ಈ ನಂಜು ಬಂದ ಬಸುರಿಯರ ರಕ್ತದಲ್ಲಿ ಮತ್ತು ಮಾಸಿನಲ್ಲಿ ಹುಳುವಿನಂಥ ಒಂದು ಜೀವಿ ಕಂಡಿತೆಂದು ಪ್ರಕಟಿಸಿ, ಅದಕ್ಕೆ ಹೈಡಟಾಕ್ಸಿ ಲುಆಲ್ಬ ಎಂದು ಹೆಸರನ್ನೂ ಇಟ್ಟರು. ಬಸುರಿಯ ಬಿ.ಪಿ.ಗೆ ಹುಳುವೇ ಕಾರಣವೆಂದಾದರೆ ಒಂದು ಮಾತ್ರೆಯಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ಬೇರೆಯವರು ಪರೀಕ್ಷಿಸಿ ನೋಡಿದಾಗ ಅದು ಜೀವಿಯೇ ಅಲ್ಲ, ಗಾಜಿನ ಪಟ್ಟಿಗೆ ಬಣ್ಣ ಹಾಕುವಾಗ ಉಂಟಾದ ಆಕೃತಿ ಎಂದು ತಿಳಿದುಬಂತು. ಆ ಹುಳು ಅಲ್ಲಿಗೆ ಮುಗಿಯಿತು.

ಪರೋಪಜೀವಿಗಳಿಗೂ ಒತ್ತಡಕ್ಕೂ ಏನೇನೂ ಸಂಬಂಧವಿಲ್ಲವೆಂದು ಹೇಳುತ್ತಿಲ್ಲ. ಆಫ್ರಿಕದ ಸೆನೆಗಲ್, ಟಾಂಜಾನಿಯಾ ದೇಶಗಳಲ್ಲಿ ಮಾಸಿನಲ್ಲಿ ಮಲೇರಿಯಾ ಸೇರಿದ ಬಸುರಿಯರಲ್ಲಿ ಒತ್ತಡ ಹೆಚ್ಚಾಗಿ ಕಂಡಿದೆ. ಆದರೆ ಕೊಕ್ಕೆಹುಳುವಿನ ವಿಷಯದಲ್ಲಿ ನೆನಪಿಡಬೇಕಾದದ್ದು ಇಷ್ಟೇ: ಹುಳುವಿನ ಮಾತ್ರೆ ಹುಳುವನ್ನು ಕೊಲ್ಲುತ್ತದೆ, ರಕ್ತದೊತ್ತಡವನ್ನು ಇಳಿಸುವುದಿಲ್ಲ. ಬಿ.ಪಿ.ಯ ಮಾತ್ರೆ ಒತ್ತಡ ಇಳಿಸುತ್ತದೆ, ಹೋದ ರಕ್ತವನ್ನು ತಂದುಕೊಡುವುದಿಲ್ಲ.

ಇವೆರಡೂ ಒಬ್ಬಳಲ್ಲೇ ಕೂಡಿಕೊಂಡಾಗ ಅಪಾಯ ಇಮ್ಮಡಿಯಾಗುತ್ತದೆ. ಹೆರಿಗೆಯಲ್ಲಿ ಅರ್ಧ ಲೀಟರ್ ರಕ್ತ ಹೋದರೆ ಗಟ್ಟಿಮುಟ್ಟಾದ ಹೆಂಗಸು ತಡೆದುಕೊಳ್ಳುತ್ತಾಳೆ. ಹುಳುವಿನಿಂದ ಮೊದಲೇ ಬರಿದಾದವಳು ತಡೆಯಲಾರಳು. ಒತ್ತಡದ ತೊಂದರೆ ಇದ್ದವರಲ್ಲಿ ರಕ್ತಸ್ರಾವದ ಭಯವೂ ಹೆಚ್ಚು. ಆದ್ದರಿಂದ ಒಂದನ್ನು ಕಂಡು ಇನ್ನೊಂದನ್ನು ಬಿಡಬಾರದು. ಬಿಳಿಚಿಕೊಂಡವಳ ಬಿ.ಪಿ. ನೋಡಿಸಬೇಕು, ಬಿ.ಪಿ. ಇದ್ದವಳ ರಕ್ತವನ್ನೂ ನೋಡಿಸಬೇಕು.

ಮೂರು ಪರೀಕ್ಷೆ

1. ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡುವುದು.
2. ಹಿಮೋಗ್ಲೋಬಿನ್ ನೋಡುವುದು. ಬಸುರಿಗೆ 11 ಗ್ರಾಮಿಗಿಂತ ಕಡಿಮೆಯಾದರೆ ರಕ್ತಹೀನತೆ. 7ಕ್ಕಿಂತ ಕಡಿಮೆಯಾದರೆ ಅದು ತೀವ್ರ, ಆಸ್ಪತ್ರೆಯಲ್ಲೇ ಚಿಕಿತ್ಸೆಯಾಗಬೇಕು.
3. ಮೂತ್ರದಲ್ಲಿ ಪ್ರೋಟೀನು ನೋಡುವುದು.

ಮೂರಕ್ಕೂ ಸೇರಿ ಅರ್ಧ ಗಂಟೆ ಸಾಕು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಆಗುತ್ತದೆ. 2016ರಿಂದ ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ವೈದ್ಯರೇ ಪರೀಕ್ಷಿಸುವ ಏರ್ಪಾಡು ನಡೆದು ಬಂದಿದೆ. ಪರೀಕ್ಷೆಯ ಅಂಕಿಗಳನ್ನು ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ಬ್ಯಾಂಕಿನ ಪಾಸ್‌ಬುಕ್ಕಿನಂತೆ ಅದನ್ನು ಜೋಪಾನ ಮಾಡಬೇಕು. ನಮ್ಮ ಕಡೆಯ ಹಳ್ಳಿ, ತಾಂಡಾಗಳಿಂದ ಅನೇಕರು ಚಿಕ್ಕಮಗಳೂರು ಸೀಮೆಗೆ ಕಾಫಿ ಹಣ್ಣು ಬಿಡಿಸಲು ಹೋಗುತ್ತಾರೆ. ಅಂಥವರು ಕಾರ್ಡನ್ನು ಮನೆಯ ಪೆಟ್ಟಿಗೆಯಲ್ಲಿ ಬಿಟ್ಟು ಹೋಗದೆ ಜೊತೆಗೆ ಒಯ್ದು ಅಲ್ಲಿಯ ಆಶಾ ಕಾರ್ಯಕರ್ತೆಗೆ ತೋರಿಸಬೇಕು. ಕಾಫಿ ಬೆಳೆಯುವ ಸದಸ್ಯರು ತಮ್ಮ ಲೈನಿಗೆ ಬಂದ ಬಸುರಿಯನ್ನು ಮೊದಲ ವಾರದಲ್ಲೇ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು.

ಮಾತ್ರೆಗಳ ವಿಷಯ

ಹುಳುವಿನ ಮಾತ್ರೆ ಆಲ್ಬೆಂಡಜೋಲ್. 400 ಮಿಲಿಗ್ರಾಮಿನ ಒಂದು ಮಾತ್ರೆಯನ್ನು ಬಸುರಿಗೆ ಮೂರು ತಿಂಗಳು ತುಂಬಿದ ಮೇಲೆ, ಆರು ತಿಂಗಳೊಳಗೆ ಕೊಡುತ್ತಾರೆ. ಮೊದಲ ಮೂರು ತಿಂಗಳಲ್ಲಿ ಇದನ್ನು ಕೊಡಬಾರದು. ಆದ್ದರಿಂದ ನಾವು ಅಂದು ಮಾಡಿದಂತೆ ಅಂಗಡಿಗೆ ದುಡ್ಡು ಕೊಟ್ಟು ಕಳಿಸುವುದು ತಪ್ಪು.

ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಕೆಂಪು ಮಾತ್ರೆ ನಾಲ್ಕನೇ ತಿಂಗಳಿಂದ ದಿನಕ್ಕೆ ಒಂದರಂತೆ 180 ದಿನ, ಹೆರಿಗೆಯ ನಂತರವೂ 180 ದಿನ. ಇದನ್ನು ನುಂಗಿದರೆ ಮಲ ಕಪ್ಪಾಗುತ್ತದೆ, ಹೆದರಬೇಕಿಲ್ಲ. ಮಗು ಕಪ್ಪಾಗುತ್ತದೆ ಎಂಬುದು ಸುಳ್ಳು. ಕ್ಯಾಲ್ಸಿಯಂ ಮಾತ್ರೆಯೂ 500 ಮಿಲಿಗ್ರಾಮಿನಂತೆ ದಿನಕ್ಕೆ ಎರಡು ಇದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಲ್ಲಿ ಅದು ಒತ್ತಡದ ತೊಂದರೆಯನ್ನು ಕಡಿಮೆ ಮಾಡುತ್ತದೆ. ಆದರೆ ಕಬ್ಬಿಣವನ್ನೂ ಕ್ಯಾಲ್ಸಿಯಮ್ಮನ್ನೂ ಒಟ್ಟಿಗೆ ನುಂಗಬಾರದು, ನಡುವೆ ಎರಡು ಗಂಟೆ ಬಿಡಬೇಕು.

ಇನ್ನೊಂದು ಮಾತನ್ನು ಕಾಫಿ ಬೆಳೆಗಾರರಾದ ನಾವೇ ಹೇಳಬೇಕು. ಕಬ್ಬಿಣದ ಮಾತ್ರೆ ನುಂಗಿ ಅದರ ಮೇಲೆ ಕಾಫಿಯನ್ನಾಗಲಿ ಟೀಯನ್ನಾಗಲಿ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಒಂದೆರಡು ಗಂಟೆ ಬಿಟ್ಟು ಕುಡಿಯಲಿ. ಮಾತ್ರೆಯ ಜೊತೆ ನಿಂಬೆಹಣ್ಣಿನ ಪಾನಕವಾದರೆ ಚೆನ್ನಾಗಿ ಹತ್ತುತ್ತದೆ.

ತಡಮಾಡಬಾರದ ಲಕ್ಷಣಗಳು

ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ:

1. ಬಿಡದ ತಲೆನೋವು.
2. ಕಣ್ಣು ಮಂಜಾಗುವುದು, ಕಣ್ಣ ಮುಂದೆ ಮಿಂಚಿದಂತಾಗುವುದು.
3. ಹೊಟ್ಟೆಯ ಮೇಲ್ಭಾಗದಲ್ಲಿ, ಪಕ್ಕೆಲುಬಿನ ಕೆಳಗೆ ನೋವು, ವಾಂತಿ.
4. ಮುಖ, ಕೈ ಏಕಾಏಕಿ ಬಾಯುವುದು. ಬಳೆ, ಉಂಗುರ ಬಿಗಿಯಾಗುವುದು.
5. ಮೂತ್ರ ಕಡಿಮೆಯಾಗುವುದು.
6. ಕೂತಲ್ಲೇ ಏದುಸಿರು, ಎದೆ ಹೊಡೆದುಕೊಳ್ಳುವುದು.
7. ರಕ್ತ ಹೋಗುವುದು, ಮಗುವಿನ ಚಲನೆ ಕಡಿಮೆಯಾಗುವುದು.

ಫಿಟ್ಸ್ ಬಂದರೆ ಎಡ ಮಗ್ಗುಲಿಗೆ ಮಲಗಿಸಿ. ಬಾಯಿಗೆ ಚಮಚ, ನೀರು ಯಾವುದನ್ನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು ಇವೆಲ್ಲ ಹೊತ್ತು ಹಾಳು. ತಕ್ಷಣ 108ಕ್ಕೆ ಫೋನು ಮಾಡಿ. 1999ರಲ್ಲಿ ನಮಗೆ ಇಲ್ಲದ ಈ ಅನುಕೂಲ 2008ರಿಂದ ರಾಜ್ಯದಲ್ಲಿದೆ. ಚನ್ನಗಿರಿ, ಜಗಳೂರಿನವರಿಗೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಹೊನ್ನಾಳಿ, ನ್ಯಾಮತಿಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇವೆ. ಆದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಮೊದಲ ಇಂಜೆಕ್ಷನ್ ಹಾಕಿಸಿಕೊಂಡು ಮುಂದೆ ಹೋಗುವುದು ಒಳ್ಳೆಯದು.

ಆ ಇಂಜೆಕ್ಷನ್ ಯಾವುದು ಗೊತ್ತೇ? ಮೆಗ್ನೀಸಿಯಂ ಸಲ್ಫೇಟ್. ಎಲೆ ಹಳದಿಯಾದಾಗ ನಾವು ತೋಟಕ್ಕೆ ಸಿಂಪಡಿಸುತ್ತೇವಲ್ಲ, ಅದೇ ಲವಣ. ಇಂಜೆಕ್ಷನ್ನಿಗೆಂದು ಶುದ್ಧಮಾಡಿ ಸಿದ್ಧಪಡಿಸಿದ್ದು. 33 ದೇಶಗಳಲ್ಲಿ ಸುಮಾರು ಹತ್ತು ಸಾವಿರ ಹೆಂಗಸರಲ್ಲಿ ಪರೀಕ್ಷಿಸಿ, ಇದರಿಂದ ಫಿಟ್ಸ್ ಬರುವ ಸಂಭವ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ ಎಂದು 2002ರಲ್ಲಿ ತೋರಿಸಲಾಯಿತು. ಗೊಬ್ಬರದಂಗಡಿಯ ಉಪ್ಪು ಮಾತ್ರ ಮನುಷ್ಯರಿಗಲ್ಲ ಎಂದು ಬೇರೆ ಹೇಳಬೇಕಿಲ್ಲವಷ್ಟೆ.

ಬೆಳೆಗಾರರ ಪಾಲಿನ ಕೆಲಸ

ಒಂದು: ತೋಟದಲ್ಲಿ ಶೌಚಾಲಯ. ಊರಿನ ಮನೆಗಳಲ್ಲಿ ಶೌಚಾಲಯ ಬಂದಿದೆ, ತೋಟದಲ್ಲಿ ಬಂದಿಲ್ಲ. ಬೆಳಗ್ಗೆ ಎಂಟಕ್ಕೆ ಬಂದು ಸಂಜೆ ಹೋಗುವ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು? ಬೇಲಿಯ ಮರೆಗೆ ಹೋಗುತ್ತಾಳೆ. ಹುಳುವಿನ ಮೊಟ್ಟೆ ನಮ್ಮದೇ ಮಣ್ಣಿಗೆ ಬೀಳುತ್ತದೆ. ಎರಡು ಗುಂಡಿಯ ಸಾದಾ ಶೌಚಾಲಯ ಸಾಕು. ಒಂದು ಗುಂಡಿ ತುಂಬಿದರೆ ಮುಚ್ಚಿ, ಒಂದೆರಡು ವರ್ಷ ಬಿಟ್ಟು ತೆಗೆಯಿರಿ. ಗುಂಡಿಯ ಹಸಿ ಕೆಸರನ್ನು ತೋಟಕ್ಕೆ ಬಿಡಿಸುವ ಅಭ್ಯಾಸ ಇದ್ದರೆ ಇಂದೇ ನಿಲ್ಲಿಸಿ.

ಎರಡು: ಕಾಲಿಗೆ ರಕ್ಷಣೆ. ಕೆಸರಿನಲ್ಲಿ ಚಪ್ಪಲಿ ಜಾರುತ್ತದೆ ಎಂದು ಹೆಂಗಸರು ಬಿಟ್ಟು ನಡೆಯುತ್ತಾರೆ, ಅದು ಸುಳ್ಳಲ್ಲ. ಆದ್ದರಿಂದ ಚಪ್ಪಲಿ ಹಾಕು ಎಂದು ಗದರಿಸುವ ಬದಲು ಅವರ ಅಳತೆಯ ರಬ್ಬರ್ ಬೂಟು ಕೊಡಿಸಿ. ಔಷಧಿ ಹೊಡೆಯುವವನಿಗೆ ಕೊಡಿಸುತ್ತೇವೆ, ಕಳೆ ಕೀಳುವವಳಿಗೆ ಏಕೆ ಬೇಡ?

ಮೂರು: ರಜೆ ಮತ್ತು ಕೂಲಿ. ಬಸುರಿ ಪರೀಕ್ಷೆಗೆ ಹೋಗುವ ದಿನದ ಕೂಲಿ ಹಿಡಿಯಬೇಡಿ. ಕೂಲಿ ಹೋಗುತ್ತದೆ ಎಂಬ ಒಂದೇ ಕಾರಣಕ್ಕೆ ಎಷ್ಟೋ ಜನ ಹೋಗುವುದಿಲ್ಲ. ತಿಂಗಳಿಗೆ ಒಂದು ದಿನದ ಕೂಲಿಯಿಂದ ಯಾವ ತೋಟವೂ ಮುಳುಗುವುದಿಲ್ಲ.

ನಾಲ್ಕು: ಬಿ.ಪಿ. ಯಂತ್ರ. ಒಂದು ಮೂಟೆ ಅಡಿಕೆಯ ಬೆಲೆಯಲ್ಲಿ ಒಳ್ಳೆಯ ಬಿ.ಪಿ. ಯಂತ್ರಗಳು ಹಲವು ಬರುತ್ತವೆ. ಸಂಘದ ಖರೀದಿ ಕೇಂದ್ರಗಳಲ್ಲಿ ಒಂದೊಂದು ಇಟ್ಟು ಆಶಾ ಕಾರ್ಯಕರ್ತೆಯರಿಗೆ ಬಳಸಲು ಕೊಡಬೇಕೆಂಬ ಸಲಹೆಯನ್ನು ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಮಂಡಿಸುತ್ತೇವೆ. ಸದಸ್ಯರು ತಮ್ಮ ಅಭಿಪ್ರಾಯ ಬರೆದು ತಿಳಿಸಬೇಕು.

ನಾವು ಡಾಕ್ಟರಲ್ಲ, ಈ ಪಾಠ ಡಾಕ್ಟರ ಬದಲಿಗೆ ಅಲ್ಲ, ಡಾಕ್ಟರ ಹತ್ತಿರ ಬೇಗ ಕಳಿಸುವುದಕ್ಕೆ. ಇನ್ನು ಮುಂದೆ ಯಾವ ಹೆಣ್ಣುಮಗಳಾದರೂ ನಿಮ್ಮ ಅಂಗಳದಲ್ಲಿ ಕೂತು ಕಾಲು ಬಾತಿದೆ, ತಲೆ ಸಿಡಿಯುತ್ತಿದೆ ಎಂದರೆ, ಅದು ಹುಳ ಎಂದೂ ಹೇಳಬೇಡಿ, ಬಿ.ಪಿ. ಎಂದೂ ಹೇಳಬೇಡಿ. "ಏಳವ್ವ, ಆಸ್ಪತ್ರೆಗೆ ಹೋಗೋಣ" ಎನ್ನಿ. ನಾವು ಅಂದು ಹೇಳದೆ ಹೋದ ಮಾತು ಅದೊಂದೇ.

ಓದುಬಾರದ ಸದಸ್ಯರಿಗೂ, ಮನೆಯ ಹೆಂಗಸರಿಗೂ, ಕೆಲಸಕ್ಕೆ ಬರುವವರಿಗೂ ಈ ಪಾಠವನ್ನು ಓದಿ ಹೇಳಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ